ಸೀರೆ ಒಣಗುವ ತಂತಿಯಿಂದ ದಕ್ಷಿಣ ಧ್ರುವಕ್ಕೆ

ಅಮೆರಿಕದ ಸ್ಯಾನ್ ಡಿಯಾಗೋದ ಬಡಾವಣೆ ಫೋರ್ ಎಸ್ ರ್ಯಾಂಚ್‌ನಲ್ಲಿ ಸೂರ್ಯ ಹುಟ್ಟಬೇಕಾದರೆ ಮೊದಲು ಶಿವರಾಮ ಅವರ ಗ್ಯಾರೇಜಿನ ದೀಪ ಹೊತ್ತಬೇಕು. ಹೊರಗೆ ಇನ್ನೂ ಮಬ್ಬು. ಒಳಗೆ ಚಪಾತಿ ಮಣೆಯ ಮೇಲೆ ಕೂರಿಸಿದ ಹಳೇ ರೇಡಿಯೋದ ಗಾಜಿನ ವಾಲ್ವ್ ಕೆಂಡದಂತೆ ಕಣ್ಣು ಬಿಡುತ್ತದೆ; ಪಕ್ಕದಲ್ಲಿ ಓಟ್ಸ್ ಡಬ್ಬಕ್ಕೆ ಸುತ್ತಿದ ತಾಮ್ರದ ತಂತಿ. ಅರವತ್ತರ ಹೊಸ್ತಿಲಲ್ಲಿರುವ ಈ ಮನುಷ್ಯ ಟಕಟಕ ಸಂಕೇತ ಕಳಿಸುವ ಮೋರ್ಸ್ ಕೀ ಮೇಲೆ ಬೆರಳಿಟ್ಟರೆ ಪೆಸಿಫಿಕ್ ಸಾಗರ ಅಲೆ ನಿಲ್ಲಿಸಿ ಕಿವಿಗೊಡುತ್ತದೆ. ನಂಬದವರು ಕಾಲುಭಾಗ ಕಳೆದು ಓದಿಕೊಳ್ಳಬಹುದು, ಅದಕ್ಕಿಂತ ಹೆಚ್ಚು ಕಳೆಯುವಂತಿಲ್ಲ.

ಹಗಲು ಅವರು ಕಾರ್ಲ್ಸ್‌ಬಾಡ್‌ನ ಕಂಪನಿಯೊಂದರಲ್ಲಿ ಫೋನ್ ಆಂಟೆನಾಗಳನ್ನು ಪರೀಕ್ಷಿಸುವ ಟೆಕ್ನಿಷಿಯನ್. ಬೆಳಗಿನ ಜಾವ ಮಾತ್ರ ತೊಂಬತ್ತು ವರ್ಷ ಹಿಂದಕ್ಕೆ ಹೋಗಿಬಿಡುತ್ತಾರೆ. ಆ ಕಾಲದ ಧ್ರುವಯಾತ್ರೆಗಳಲ್ಲಿ ರೇಡಿಯೋ ನಡೆಸಿದವರಲ್ಲಿ ಹಲವರು ಹವ್ಯಾಸಿಗಳು, ಅಂದರೆ ಹ್ಯಾಮ್‌ಗಳು. ಬೆರಳು ಮರಗಟ್ಟುವ ಚಳಿಯಲ್ಲಿ ಕೀ ಒತ್ತಿ ಸಂಗಡಿಗರ ಕ್ಷೇಮ ಸಮಾಚಾರವನ್ನು ಮನೆಗೆ ಮುಟ್ಟಿಸುತ್ತಿದ್ದರು. “ಬಾವುಟ ನೆಟ್ಟೋನ ಫೋಟೋ ಸ್ಕೂಲ್ ಪುಸ್ತಕದಲ್ಲೆಲ್ಲ ಇದೆ. ಕೀ ಒತ್ತಿದೋನ ಹೆಸರು ಯಾರಿಗಾದ್ರೂ ಗೊತ್ತಾ?” ಎಂದು ಕೇಳುತ್ತಾರೆ ಶಿವರಾಮ. ಆ ಹವ್ಯಾಸಿಗಳು ಬಳಸಿದಂಥದೇ ರೇಡಿಯೋ ಸೆಟ್ ಕೈಯಾರೆ ಕಟ್ಟಿ, ಅದರಿಂದಲೇ ಒಮ್ಮೆ ಧ್ರುವವನ್ನು ಮುಟ್ಟಬೇಕು ಎಂಬುದು ಅವರ ಹಟ.

ಹಟಕ್ಕೆ ಅಡ್ಡ ಬಂದದ್ದು ಬಡಾವಣೆಯ ಸಂಘ. ಅಲ್ಲಿ ಆಂಟೆನಾ ನಿಷಿದ್ಧ. ಆದರೆ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿ ಕಟ್ಟಲು ಕಾನೂನಿನ ಒಪ್ಪಿಗೆಯಿದೆ. ಶಿವರಾಮ ಕಟ್ಟಿದರು. ಪತ್ನಿ ರಾಜಲಕ್ಷ್ಮಿ ಅದರ ಮೇಲೆ ದಿನಾ ಮುಂಜಾನೆ ಒದ್ದೆ ಸೀರೆಗಳನ್ನು ಹರವಿದರು. ಇಂದ್ರನ ಗೂಢಚಾರರು ಬಂದರೂ ಅದು ಆಂಟೆನಾ ಎಂದು ಪತ್ತೆ ಮಾಡಲಾರರು. ಆದರೆ ಆಕೆಯದೂ ಒಂದು ಷರತ್ತಿತ್ತು: ಈ ಚಳಿಗಾಲದೊಳಗೆ ಆ ಚಪಾತಿ ಮಣೆ ಧ್ರುವದ ಜೊತೆ ಮಾತಾಡದಿದ್ದರೆ ಎಲ್ಲ ಬಿಚ್ಚಬೇಕು, ಗ್ಯಾರೇಜಿಗೆ ತಮ್ಮ ಕಾರು ಬರಬೇಕು.

ಅತ್ತ ಧ್ರುವದ ಕಡೆ ಇದ್ದವಳು ಧಾರವಾಡದ ನಿರುಪಮಾ. ಸ್ಯಾನ್ ಡಿಯಾಗೋಗೆ ಓದಲು ಬಂದು, ಭಾನುವಾರಗಳಂದು ರಾಜಲಕ್ಷ್ಮಿಯವರ ಸಾರು ಉಂಡು, ಶಿವರಾಮರಿಂದ ಮೋರ್ಸ್ ಸಂಕೇತ ಕಲಿತ ಹುಡುಗಿ. 2017ರ ಫೆಬ್ರವರಿಯಲ್ಲಿ ಅವಳು ಸಂಶೋಧನೆಗೆಂದು ದಕ್ಷಿಣ ಧ್ರುವದ ಠಾಣೆಯಲ್ಲಿದ್ದಳು; ಅಲ್ಲೂ ಒಂದು ಹ್ಯಾಮ್ ರೇಡಿಯೋ ಇತ್ತು. ಹಿಂದಿನ ಪ್ರಯತ್ನಗಳೆಲ್ಲ ಗೊರಗೊರ ಸದ್ದಿನಲ್ಲಿ ಮುಳುಗಿದ್ದವು. ಕೊನೆಗೆ ಅವಳ ಇಮೇಲ್ ಬಂತು: “ನಾಳೆ ನಾ ಹೊರಡೋ ಲಾಸ್ಟ್ ವಿಮಾನರೀ ಅಂಕಲ್. ಇವತ್ತ ಆಗಲಿಲ್ಲಂದ್ರ ಇಲ್ಲ ನೋಡ್ರಿ.”

ಆ ಬೆಳಗ್ಗೆ ಶಿವರಾಮ ಕೀ ಒತ್ತಿದರೆ ತಂತಿಗೆ ಶಕ್ತಿ ಹರಿಯುವುದನ್ನು ತೋರಿಸುವ ಮೀಟರಿನ ಮುಳ್ಳು ಕುಂಭಕರ್ಣನಂತೆ ಮಲಗಿತ್ತು. ವಾಲ್ವ್ ಕಿತ್ತು ಕೂರಿಸಿದರು, ಡಬ್ಬ ತಿರುಗಿಸಿದರು, ಹಣೆ ಚಚ್ಚಿಕೊಂಡರು. ಕಾಫಿ ತಂದ ರಾಜಲಕ್ಷ್ಮಿ ಮೆಲ್ಲಗೆ ಹೇಳಿದರು: “ನಿಮಗೆ ಅಡ್ಡ ಆಗ್ಬಾರ್ದು ಅಂತ ಇವತ್ತು ತಂತಿ ಖಾಲಿ ಮಾಡಿ ಒರೆಸಿದೀನಿ ಕಣ್ರೀ.”

ಶಿವರಾಮರಿಗೆ ಆಗ ಹೊಳೆಯಿತು. ತಂತಿಯ ಉದ್ದವನ್ನು ಅಳೆದು ಕತ್ತರಿಸಿದ ಪ್ರತಿ ಮುಂಜಾನೆಯೂ ಮೇಲೆ ಒದ್ದೆ ಸೀರೆಗಳಿದ್ದವು! ಆ ನೀರೂ ಲೆಕ್ಕದಲ್ಲಿ ಸೇರಿಹೋಗಿತ್ತು; ಒಣ ತಂತಿ ಸೆಟ್ಟಿನ ಶ್ರುತಿಗೆ ಕೂಡುತ್ತಿರಲಿಲ್ಲ. ಲೋಕದ ಯಾವ ಆಂಟೆನಾ ತಜ್ಞನೂ ಮಾಡಿರದ ತಪ್ಪು.

“ರಾಜೀ, ಸೀರೆ ಹಾಕೇ.”

“ಒದ್ದೆ ಇರೋದು ಒಂದೂ ಇಲ್ಲ.”

ಗರಿಗರಿ ಇಸ್ತ್ರಿಯ ಎರಡು ಕಾಟನ್ ಸೀರೆಗಳನ್ನು ಆ ಮಹಾತಾಯಿ ಬೀರುವಿನಿಂದ ತೆಗೆದು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ ಹಾಗೇ ತಂತಿಗೇರಿಸಿದರು. ಮುಳ್ಳು ಎದ್ದು ನಿಂತಿತು. ಶಿವರಾಮ ಕೀ ಒತ್ತಿ ನಿರುಪಮಾಳನ್ನು ಕರೆದರು. ಒಂದು ಕ್ಷಣ ಬರಿಯ ಗೊರಗೊರ. ಆಮೇಲೆ ಮಂಜಿನಾಚೆಯಿಂದ ಸಣ್ಣ ದನಿಯಲ್ಲಿ ಅಕ್ಷರಗಳು ಒಂದೊಂದಾಗಿ ಬಂದು ಕೂಡಿಕೊಂಡವು: ನಾಷ್ಟಾ ಆತೇನ್ರಿ ಅಂಕಲ್?

ಶಿವರಾಮ ಕೀ ಬಿಟ್ಟು ಕಣ್ಣೊರೆಸಿಕೊಂಡರು. ಹಿಂದೆ ನಿಂತಿದ್ದ ರಾಜಲಕ್ಷ್ಮಿಯೇ ಎಚ್ಚರಿಸಿದರು: “ಇನ್ನೂ ಇಲ್ಲ ಅನ್ರೀ. ಪಾಪ, ಕಾಯ್ತಿದಾಳೆ.”

ಮಾತುಕತೆಯಾದ ಮೇಲೆ ಕಾರ್ಡು ಕಳಿಸುವುದು ಹ್ಯಾಮ್‌ಗಳ ಪದ್ಧತಿ. ಅದರಲ್ಲಿ ಸೆಟ್ಟು, ಆಂಟೆನಾಗಳ ವಿವರವಿರಬೇಕು. ಶಿವರಾಮರ ಕಾರ್ಡಿನಲ್ಲಿ ಆಂಟೆನಾ ಎಂಬಲ್ಲಿ ‘ತಂತಿ ಒಂದು, ಒದ್ದೆ ಸೀರೆ ಎರಡು’ ಎಂದಿದೆ. ರಾಜಲಕ್ಷ್ಮಿಯವರ ಕಾರು ಈಗಲೂ ಬಿಸಿಲಲ್ಲೇ ನಿಲ್ಲುತ್ತದೆ, ಆಕೆಯದೇ ಅಪ್ಪಣೆಯ ಮೇರೆಗೆ.

ಪತ್ರಿಕೆಗೆಂದು ನಾವು ಫೋಟೋ ತೆಗೆಯಲು ಹೋದರೆ ಶಿವರಾಮ ಕೈ ಅಡ್ಡ ಹಿಡಿಯುತ್ತಾರೆ. “ಕೀ ಒತ್ತಿದೋನ ಹೆಸರು ಹೇಗೂ ಯಾರೂ ನೆನಪಿಡಲ್ಲ ಬಿಡಿ. ಸೀರೆ ಹಾಕಿದೋಳ ಹೆಸರಾದ್ರೂ ನಿಮ್ಮ ಪೇಪರಲ್ಲಿ ಬರ್ಲಿ.”