ನಮ್ಮ ಕಡೆಯ ಹುಡುಗಿಯ ಸಿ ಫಾರ್ಮ್

ನಾಗಪುರಕ್ಕೆ ಓದಲು ಬಂದ ಮೊದಲ ಎರಡು ವಾರದಲ್ಲಿ ನಾನು ಒಂದು ಪುಸ್ತಕವನ್ನೂ ಮುಟ್ಟಲಿಲ್ಲ. ಓದಿದ್ದೆಲ್ಲ ಫಾರ್ಮುಗಳನ್ನು. ಈಗ ಅದನ್ನು ಬರೆಯಲು ಕೂತರೂ ಕಾಲು ನೋಯುತ್ತದೆ, ನಿಜವಾಗಿ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಕೀನ್ಯಾದ ಮೊಂಬಾಸಾದಲ್ಲಿ. ಅಪ್ಪ ಧಾರವಾಡದಿಂದ ಅಲ್ಲಿಯ ಸಿಮೆಂಟ್ ಕಾರ್ಖಾನೆಗೆ ಕೆಲಸಕ್ಕೆ ಹೋದವರು ಅಲ್ಲೇ ಉಳಿದರು, ಅಲ್ಲಿನ ಪೌರತ್ವವನ್ನೂ ತೆಗೆದುಕೊಂಡರು. ನನ್ನ ಪಾಸ್‌ಪೋರ್ಟ್ ಅಲ್ಲಿಯದೇ. ಮನೆಯೊಳಗೆ ಧಾರವಾಡದ ಮಾತು, ಬಾಗಿಲಾಚೆ ಸ್ವಾಹಿಲಿ. ಕನ್ನಡ ಓದುವುದನ್ನು ನನಗೆ ಯಾರೂ ಕಲಿಸಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಫೋನಿನಲ್ಲಿ ಒಂದೊಂದೇ ಅಕ್ಷರ ನೋಡಿ ನಾನೇ ಕಲಿತೆ. ಉಪ್ಪಿನಕಾಯಿ ಪ್ಯಾಕೆಟ್, ಊರಿಂದ ಬಂದ ಲಗ್ನಪತ್ರಿಕೆ, ಮುಲಾಮಿನ ಡಬ್ಬಿ, ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. ಒತ್ತಕ್ಷರ ಸಿಕ್ಕರಂತೂ ಕುಣಿಯುತ್ತಿದ್ದೆ. ಅವ್ವನಿಗೆ ತಲೆ ಚಿಟ್ಟು ಹಿಡಿದು, "ಸಾಕ್ ಮಾಡವಾ, ಮುಲಾಮು ಹಚ್ಚೂದೈತಿ, ಪಾರಾಯಣ ಮಾಡೂದಲ್ಲ" ಅನ್ನುತ್ತಿದ್ದಳು.

ಈ ಓದು ನನಗೆ ನಾಗಪುರದ ಲಕ್ಷ್ಮೀ ನಗರದಲ್ಲಿ ರೂಮು ಕೊಡಿಸಿತು. ಎಂ.ಫಾರ್ಮಾಗೆ ನಾಗಪುರದಲ್ಲಿ ಸೀಟು ಸಿಕ್ಕಾಗ ಅವ್ವ ತನ್ನ ಗೆಳತಿಗೆ ಫೋನ್ ಮಾಡಿದಳು, ಆ ಗೆಳತಿ ಇನ್ಯಾರಿಗೋ ಮಾಡಿದರು. ಕೊನೆಗೆ ಕನ್ನಡದ ಹಿರಿಯ ದಂಪತಿಯೊಬ್ಬರ ಮನೆ ಗೊತ್ತಾಯಿತು. ಅವರು ನನಗೆ ಕಾಕಾ, ಮೌಶಿ ಆದರು. ಕಾಕಾ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಫೈಲುಗಳ ನಡುವೆ ಸರ್ವಿಸ್ ಮುಗಿಸಿ ನಿವೃತ್ತರಾದವರು. ಮೌಶಿ ಮನೆ ನೋಡಿಕೊಳ್ಳುವವರು. ಮಗ ನಾಗಪುರದ ಹತ್ತಿರದ ಕಳಮೇಶ್ವರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ ಸಂಸಾರದೊಂದಿಗೆ ಅಲ್ಲೇ ಇದ್ದ. ಮಹಡಿಯ ರೂಮು ಖಾಲಿ ಇತ್ತು.

ವಿಡಿಯೋ ಕರೆಯಲ್ಲಿ ಮೌಶಿ ನನ್ನನ್ನು ಪರೀಕ್ಷೆ ಮಾಡಿದರು. ಧಾರವಾಡದಲ್ಲಿ ಅಜ್ಜನ ಓಣಿ ಯಾವುದು, ಅವ್ವನ ತವರು ಯಾವುದು, ಜ್ವಾಳದ ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ. ಆಮೇಲೆ ಗೋಡೆಯ ಕನ್ನಡ ಪಂಚಾಂಗಕ್ಕೆ ಫೋನು ಹಿಡಿದು, "ಓದು ನೋಡೂಣು" ಅಂದರು. ನಾನು ತಿಥಿ, ನಕ್ಷತ್ರ, ರಾಹುಕಾಲ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಓದಿದೆ. ಮೌಶಿ ಹಿಂದಕ್ಕೆ ತಿರುಗಿ ಕಾಕಾಗೆ ಹೇಳಿದ್ದು ಕೇಳಿಸಿತು: "ಕೇಳಿದ್ರೇನು? ನಮ್ಮ ಮೊಮ್ಮಕ್ಕಳಿಗೆ 'ಅ' ಗೊತ್ತಿಲ್ಲ. ಈ ಹುಡುಗಿ ಪಕ್ಕಾ ನಮ್ಮಾಕಿ."

ಅಷ್ಟೆ. ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಯಾರೂ ಕೇಳಲಿಲ್ಲ. ಅಪ್ಪ ಆಫ್ರಿಕಾದಲ್ಲಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಕೆಲಸಕ್ಕೆ ಹೋದವರು ಎಂದರೆ ವಾಪಸ್ ಬರುವವರು ಎಂದೇ ಅವರ ಲೆಕ್ಕ. ನಾನೂ ಹೇಳಲಿಲ್ಲ.

ಜುಲೈನಲ್ಲಿ ಬಂದಿಳಿದೆ. ಒಂದು ಮಳೆ ಬಂದು ನಿಂತಿತ್ತು, ಇಡೀ ಊರು ಕುಕ್ಕರಿನ ಹಾಗೆ ಬೇಯುತ್ತಿತ್ತು. ಕೂಲರ್ ಹಾಕಿದರೆ ಬಿಸಿ ಹಬೆಗೆ ಇನ್ನಷ್ಟು ನೀರು ಬೆರೆತು ಹಾಸಿಗೆಯೇ ತೇವವಾಗುತ್ತಿತ್ತು. ಮೊದಲ ದಿನ ಪಕ್ಕದ ಮನೆಯ ಮರಾಠಿ ಆಜಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಯಾವ ಊರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೌಶಿ, "ಧಾರವಾಡಚಿ. ಆಮ್ಚೀಚ್ ಮುಲ್ಗಿ" ಅಂದುಬಿಟ್ಟರು. ನಮ್ಮದೇ ಹುಡುಗಿ. ಆಜಿ ತಲೆಯಾಡಿಸಿ ಹೋದರು. ಮೊಂಬಾಸಾದಲ್ಲಿ ಹುಟ್ಟಿದಾಗಿನಿಂದ ನೀನು ಮೂಲತಃ ಎಲ್ಲಿಯವಳು ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ದಣಿದವಳು ನಾನು. ಇಲ್ಲಿ ಒಂದು ವಾಕ್ಯಕ್ಕೆ ಪ್ರಶ್ನೆ ಮುಗಿದುಹೋಯಿತು. ಆ ಸುಖಕ್ಕಾಗಿ ಸುಮ್ಮನಾದೆ. ಅದೇ ನಾನು ಮಾಡಿದ ತಪ್ಪು.

ಐದನೆಯ ದಿನ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಕಿಟಕಿಯ ಮುಂದೆ ನಿಂತೆ. ಗುಮಾಸ್ತರು ತಲೆ ಎತ್ತದೆ, "ಬೇಟಾ, ಯೇ ಲೈನ್ ಫಾರೆನ್‌ವಾಲೋಂ ಕೀ ಹೈ" ಅಂದರು, ಇದು ವಿದೇಶಿಯರ ಸಾಲು ಎಂದು.

"ಮೈ ಭೀ ಫಾರೆನ್," ಅಂದೆ. ನನ್ನ ಹಿಂದಿ ಅಷ್ಟೇ ಬರುವುದು.

ಅವರು ತಲೆ ಎತ್ತಿದರು, ನನ್ನ ಮುಖ ನೋಡಿದರು, ಕುಂಕುಮ ನೋಡಿದರು. "ಮಜಾಕ್ ಮತ್ ಕರೋ, ಪೀಛೇ ಭೀಡ್ ಹೈ." ತಮಾಷೆ ಬೇಡ, ಹಿಂದೆ ಜನ ಕಾಯುತ್ತಿದ್ದಾರೆ ಎಂದು.

ನನ್ನ ಹಿಂದೆ ನಿಂತಿದ್ದ ತಾಂಜಾನಿಯಾದ ಹಿರಿಯ ವಿದ್ಯಾರ್ಥಿನಿ ಜೋರಾಗಿ ನಕ್ಕಳು. ನನ್ನ ಕೈಯಲ್ಲಿದ್ದ ಕೀನ್ಯಾದ ಪಾಸ್‌ಪೋರ್ಟ್ ಕಂಡು, ಅದನ್ನು ತೋರಿಸು ಎಂದು ಸ್ವಾಹಿಲಿಯಲ್ಲಿ ಹೇಳಿದಳು. ಐದು ದಿನದ ಮೇಲೆ ಕಿವಿಗೆ ಬಿದ್ದ ಸ್ವಾಹಿಲಿ! ಅಳು ಬರುವುದೊಂದು ಬಾಕಿ. ಪಾಸ್‌ಪೋರ್ಟ್ ನೋಡಿದ ಮೇಲೆ ಗುಮಾಸ್ತರು ಗಂಭೀರರಾದರು. ನೀನು ಬಂದ ಎರಡು ವಾರದೊಳಗೆ ಪೊಲೀಸ್ ಕಚೇರಿಯಲ್ಲಿ ನೋಂದಣಿ ಆಗಬೇಕು ಎಂದರು. ಅದಕ್ಕೆ ಮೊದಲು ಮನೆಯ ಮಾಲೀಕರು ಸಿ ಫಾರ್ಮ್ ತುಂಬಬೇಕು, ಅಂದರೆ ನಮ್ಮ ಮನೆಯಲ್ಲಿ ಒಬ್ಬ ವಿದೇಶಿ ಇದ್ದಾರೆ ಎಂದು ಸರ್ಕಾರಕ್ಕೆ ತಿಳಿಸಬೇಕು, ಅದನ್ನು ನೀನು ಬಂದ ಒಂದು ದಿನದೊಳಗೇ ಮಾಡಬೇಕಿತ್ತು ಎಂದರು. ನೋಂದಣಿ ಇಲ್ಲದಿದ್ದರೆ ಪ್ರವೇಶ ಪಕ್ಕಾ ಆಗುವುದಿಲ್ಲ. ಲ್ಯಾಬ್ ಇಲ್ಲ, ಗುರುತಿನ ಚೀಟಿ ಇಲ್ಲ.

"ನಿನ್ನ ಮಾಲೀಕರು ತುಂಬಿಲ್ಲವಾ?" ಆ ತಾಂಜಾನಿಯಾದವಳು ಕೇಳಿದಳು. ಅಂದಿನಿಂದ ಅವಳು ನನ್ನ ಗೆಳತಿ. ಅವಳು ಮನೀಶ್ ನಗರದಲ್ಲಿ ವಿದೇಶಿ ಹುಡುಗಿಯರೇ ಇರುವ ಮನೆಯಲ್ಲಿದ್ದಳು. "ನಮ್ಮ ಮಾಲಕಿ ನಾವು ಬ್ಯಾಗು ಕೆಳಗಿಡುವ ಮೊದಲೇ ತುಂಬುತ್ತಾಳೆ."

"ಅವರಿಗೆ ಗೊತ್ತಿಲ್ಲ," ಅಂದೆ.

"ಏನು, ಸಿ ಫಾರ್ಮಾ?"

"ಅಲ್ಲ. ನಾನು ವಿದೇಶಿ ಅನ್ನೋದು."

ಆ ಸಂಜೆ ಕಾಕಾ ಟಿವಿಯಲ್ಲಿ ಮರಾಠಿ ಸುದ್ದಿ ನೋಡುತ್ತಿದ್ದರು. ನಾನು ಪಾಸ್‌ಪೋರ್ಟ್ ಟೀಪಾಯಿಯ ಮೇಲಿಟ್ಟು ವಿಷಯ ಹೇಳಿದೆ. ಅವರು ಟಿವಿಯ ಧ್ವನಿ ಪೂರ್ತಿ ಇಳಿಸಿದರು.

"ಪೊಲೀಸು? ನಮ್ಮ ಮನೀಗೆ?"

"ಮನೆಗಲ್ರಿ ಕಾಕಾ, ಫಾರ್ಮ್ ಅಷ್ಟ."

"ಫಾರ್ಮ್ ಹೋದಲ್ಲೆ ಪೊಲೀಸ್ ಬರ್ತಾರ. ಇಷ್ಟು ವರ್ಷ ನೌಕ್ರಿ ಮಾಡೀನಿ, ಒಂದ್ ಮೆಮೊ ಇಲ್ಲ ನನ್ನ ಫೈಲಿನ್ಯಾಗ. ಈಗ ಲೇಟಾತಂತ ಜವಾಬು ಕೇಳಿದ್ರ ಏನ್ ಹೇಳ್ಲಿ? ಮೊದಲ ಹೇಳಬೇಕಾಗಿತ್ತಿಲ್ಲೋ ನೀನು?"

ಮೌಶಿ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದರು. ಅವರಿಗೆ ಪೊಲೀಸಿನ ಚಿಂತೆ ಇರಲಿಲ್ಲ. "ಅಂದ್ರ ನೀ ಇಲ್ಲಿಯಾಕಿ ಅಲ್ಲೇನು?" ಅಂದರು ಮೆಲ್ಲಗೆ. "ಆ ಆಜೀಗೆ ಮತ್ತ ನಾ ಏನ್ ಹೇಳ್ಲೆವಾ?"

ಅಂದಿನಿಂದ ಮನೆಯಲ್ಲಿ ಒಂದು ಬಗೆಯ ಮರ್ಯಾದೆ ಶುರುವಾಯಿತು. ಅದರಷ್ಟು ಸುಸ್ತು ಮಾಡುವ ವಸ್ತು ಬೇರೆ ಇಲ್ಲ. ಮೊದಲು, "ಏ, ಪಲ್ಲೆ ಹೆಚ್ಚು ಬಾ" ಎನ್ನುತ್ತಿದ್ದ ಮೌಶಿ ಈಗ ತಟ್ಟೆಯನ್ನು ಮಹಡಿಗೇ ತಂದುಕೊಡುತ್ತಿದ್ದರು. ಕಾಕಾ ದಿನವೂ ನಾಳೆ ಎನ್ನುತ್ತಿದ್ದರು. ಒಂದು ದಿನ ಅಮಾವಾಸ್ಯೆ, ಒಂದು ದಿನ ಕಳಮೇಶ್ವರದ ಮಗನನ್ನು ಕೇಳಬೇಕು, ಮಗ ಫೋನ್ ಎತ್ತಲಿಲ್ಲ. ಒಂದು ಬೆಳಿಗ್ಗೆ ಅವರೇ ಮೆಟ್ಟಿಲ ಬುಡದಲ್ಲಿ ನಿಂತು ದನಿ ತಗ್ಗಿಸಿ, "ಹಿಂಗ್ ಮಾಡೂಣು? ನನ್ನ ತಂಗಿ ಮಗಳು ಅಂತ ಬರ್ಕೊಡ್ತೀನಿ. ಸಂಬಂಧಿಕರಂದ್ರ ಯಾರೂ ಕೇಳೂದಿಲ್ಲ" ಅಂದರು.

"ಪಾಸ್‌ಪೋರ್ಟಿನ್ಯಾಗ ಕೀನ್ಯಾ ಅಂತೈತ್ರಿ ಕಾಕಾ. ಸುಳ್ಳು ಬರದ್ರ ಇಬ್ರೂ ಸಿಗಹಾಕ್ಕೋತೀವಿ."

"ಅದೂ ಬರೋಬರ್," ಅಂದು ಹೋದರು.

ನಾನು ದಿನವೂ ಲಕ್ಷ್ಮೀ ನಗರದಿಂದ ಮೆಟ್ರೋ ಸ್ಟೇಷನ್‌ಗೆ ನಡೆದು, ಅಲ್ಲಿಂದ ಕಿಟಕಿಗೆ ಹೋಗಿ, ಕಿಟಕಿಯಿಂದ ಝೆರಾಕ್ಸ್ ಅಂಗಡಿಗೆ, ಅಲ್ಲಿಂದ ಮತ್ತೆ ಕಿಟಕಿಗೆ ತಿರುಗಿದೆ. ಫೋಟೋದ ಹಿನ್ನೆಲೆ ಬಿಳಿ ಇರಬೇಕಂತೆ, ನನ್ನದು ಸ್ವಲ್ಪ ನೀಲಿ. ಸಿಮ್ ಬೇಕೆಂದರೆ ವಿಳಾಸದ ಪುರಾವೆ ಬೇಕು, ಪುರಾವೆ ಬೇಕೆಂದರೆ ನೋಂದಣಿ ಬೇಕು, ನೋಂದಣಿಗೆ ಒಟಿಪಿ ಬರಲು ಸಿಮ್ ಬೇಕು. ಯಾರ ಮೇಲೂ ಸಿಟ್ಟು ಬರಲಿಲ್ಲ. ಎಲ್ಲರೂ ಒಳ್ಳೆಯವರೇ, ಎಲ್ಲರೂ ನಾಳೆ ಬಾ ಎನ್ನುವವರೇ. ಒಂದು ಮಧ್ಯಾಹ್ನ ಮೆಟ್ರೋದಲ್ಲಿ ನಿಂತುಕೊಂಡೇ ನಿದ್ದೆ ಹೋಗಿ ಕೊನೆಯ ಸ್ಟೇಷನ್‌ವರೆಗೆ ಹೋದೆ. ಇಳಿದು ಅದೇ ಗಾಡಿಯಲ್ಲಿ ವಾಪಸ್ ಬಂದೆ.

ನೋಂದಣಿಯ ಎರಡು ವಾರದಲ್ಲಿ ಮೂರೇ ದಿನ ಉಳಿದಾಗ ಗೆಳತಿ ಹೇಳಿದಳು, ಮನೀಶ್ ನಗರದಲ್ಲಿ ಒಂದು ಮಂಚ ಖಾಲಿಯಾಗಿದೆ, ಇವತ್ತೇ ಬಾ, ಇವತ್ತೇ ಫಾರ್ಮ್ ಆಗುತ್ತದೆ. ಅದು ಸರಿಯಾದ ದಾರಿ, ಯಾರಿಗೂ ಕಷ್ಟವಿಲ್ಲ. ಹೋಗಿ ನೋಡಿಯೂ ಬಂದೆ. ಸ್ವಚ್ಛ ಮನೆ. ಮಾಲಕಿ ಒಂದೂ ಪ್ರಶ್ನೆ ಕೇಳದೆ ಪಾಸ್‌ಪೋರ್ಟಿಗೆ ಕೈ ಚಾಚಿದಳು. ಅವಳಿಗೆ ನಾನು ಯಾರಾದರೂ ಒಂದೇ, ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಆದರೂ ನಾಳೆ ಹೇಳುತ್ತೇನೆ ಅಂದುಬಿಟ್ಟೆ. ನಾನೂ ನಾಗಪುರದವಳಾಗುತ್ತಿದ್ದೆ.

ಮನೆಗೆ ಬಂದು ಮೌಶಿಗೆ ಹೇಳಿದೆ, "ನಾ ನಾಳೆ ಮನೀಶ್ ನಗರಕ್ಕ ಹೋಗ್ತೀನ್ರಿ. ನಿಮಗ ತ್ರಾಸ್ ಬ್ಯಾಡ."

ಅವರು ಮೆಂತ್ಯ ಸೋಸುತ್ತಿದ್ದರು. ಸೊಪ್ಪನ್ನು ಬದಿಗೆ ಸರಿಸಿದರು. ಆಮೇಲೆ ಒಳಕೋಣೆಯತ್ತ ತಿರುಗಿ ಕೂಗಿದರು, "ಕೇಳಿದ್ರೇನು? ಹೊಂಟಾಳಂತ! ಪೂರಾ ಜಿಂದಗಿ ಮಂದಿ ಫಾರ್ಮ್ ತುಂಬಿ ತುಂಬಿ ಪೆನ್ಷನ್ ತಗೊಂಡ್ರಿ. ಮನೀ ಹುಡುಗೀದು ಒಂದ್ ಫಾರ್ಮ್ ತುಂಬಾಕ ಕೈ ನಡುಗ್ತಾವ ನಿಮಗ!"

ಕಾಕಾ ಹೊರಗೆ ಬಂದರು, ಕನ್ನಡಕ ಹಣೆಯ ಮೇಲಿತ್ತು. "ಯಾರು ಅಂದ್ರು ತುಂಬೂದಿಲ್ಲಂತ? ರಫ್ ಮಾಡ್ಲಿಕತ್ತಿದ್ದೆ."

ನಿಜಕ್ಕೂ ಮಾಡುತ್ತಿದ್ದರು. ಆ ಫಾರ್ಮನ್ನು ಕಂಪ್ಯೂಟರಿನಲ್ಲಿ ತುಂಬಬೇಕು, ಹತ್ತು ನಿಮಿಷದ ಕೆಲಸ. ಆದರೆ ಕಾಕಾ ಅದರ ಪ್ರತಿಯೊಂದು ಕಾಲಮನ್ನೂ ಹಾಳೆಯ ಮೇಲೆ ಸ್ಕೇಲಿನಿಂದ ಗೆರೆ ಎಳೆದು ಬರೆದುಕೊಂಡಿದ್ದರು, ಮೊದಲು ಪೆನ್ಸಿಲ್ಲಿನಲ್ಲಿ, ಆಮೇಲೆ ಪೆನ್ನಿನಲ್ಲಿ. ರಾಷ್ಟ್ರೀಯತೆ ಎಂಬ ಕಾಲಮ್ ಖಾಲಿ ಇತ್ತು. ಅವರು ಪೆನ್ನು ಹಿಡಿದು ನನ್ನನ್ನು ನೋಡಿದರು. ನಾನು ಹೇಳಿದೆ. ಒಂದೊಂದೇ ಅಕ್ಷರವನ್ನು ದಪ್ಪಗೆ ಬರೆದು, ಕೆಳಗೆ ಗೆರೆ ಎಳೆದು, ಬದಿಯಲ್ಲಿ ಸಣ್ಣ ಸಹಿ ಹಾಕಿದರು. ಆಮೇಲೆ ನಾನು ಅದನ್ನು ಅವರ ಫೋನಿನಲ್ಲಿ ಟೈಪ್ ಮಾಡಿದೆ, ನೋಂದಣಿಯ ಒಟಿಪಿಯನ್ನೂ ಅದಕ್ಕೇ ತರಿಸಿಕೊಂಡೆ.

ಮರುದಿನ ಇಬ್ಬರೂ ಪೊಲೀಸ್ ಕಚೇರಿಗೆ ಹೋದೆವು. ಕಾಕಾ ಇಸ್ತ್ರಿ ಮಾಡಿದ ಶರ್ಟ್ ಹಾಕಿದ್ದರು, ಕಿಸೆಯಲ್ಲಿ ಎರಡು ಪೆನ್ನು. ಬೆಂಚಿನ ಮೇಲೆ ಮೂರು ತಾಸು ಕೂತೆವು. ಫ್ಯಾನ್ ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಒಳಗೆ ಕರೆದಾಗ ಮಹಿಳಾ ಅಧಿಕಾರಿಯೊಬ್ಬರು ಫಾರ್ಮಿನ ತಾರೀಕು ನೋಡಿ, ಇಷ್ಟು ತಡ ಯಾಕೆ ಎಂದು ಮರಾಠಿಯಲ್ಲಿ ಕೇಳಿದರು.

"ನಾ ಹೇಳಿರಲಿಲ್ಲ ಅಂತ ಹೇಳ್ರಿ ಕಾಕಾ," ಅಂದೆ ಮೆಲ್ಲಗೆ. "ತಪ್ಪು ನಂದು."

"ನೀ ಸುಮ್ನಿರು. ಕೇಳಬೇಕಾದಾಂವ ನಾನು."

"ನಾನ ಹೇಳಬೇಕಿತ್ತು."

"ಮಾಲೀಕ ಯಾರು? ನೀಯೋ ನಾನೋ?"

ಅಧಿಕಾರಿ ಪೆನ್ನಿನಿಂದ ಮೇಜು ಕುಟ್ಟಿದರು. "ಕಾಯ್ ಭಾಂಡತಾ ತುಮ್ಹೀ ದೋಘಂ? ನಾತೇವಾಈಕ್ ಆಹೇ ಕಾ ಹೀ?" ಇಬ್ಬರೂ ಏನು ಜಗಳ ಆಡುತ್ತಿದ್ದೀರಿ, ಇವಳು ನಿಮ್ಮ ಸಂಬಂಧಿಕಳಾ ಎಂದು.

ಕಾಕಾ ನೆಟ್ಟಗೆ ಕೂತರು. ತಂಗಿಯ ಮಗಳು ಎಂದುಬಿಡುತ್ತಾರೇನೋ ಎಂದು ನಾನು ಪಾಸ್‌ಪೋರ್ಟನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದೆ. "ನಾಹೀ ಮ್ಯಾಡಮ್," ಅಂದರು. "ಪರದೇಶೀ ಆಹೇ. ಆಮ್ಚ್ಯಾಕಡೇ ರಾಹತೇ." ಪರದೇಶದವಳು, ನಮ್ಮಲ್ಲಿರುತ್ತಾಳೆ. ಆಮೇಲೆ ಒಂದು ಬಿಳಿ ಹಾಳೆ ಕೇಳಿ ಪಡೆದು, ವಿಚಾರಿಸದೆ ಇದ್ದದ್ದು ತನ್ನ ತಪ್ಪು ಎಂದು ತಡದ ಕಾರಣ ಬರೆದುಕೊಟ್ಟರು. ಅಷ್ಟು ವರ್ಷದ ನೌಕರಿಯಲ್ಲಿ ಯಾರಿಗೂ ಅಂಥ ಕಾಗದ ಬರೆದವರಲ್ಲ ಅವರು. ಸಹಿ ಮಾಡಿ ಅದರ ಕೆಳಗೂ ಒಂದು ಗೆರೆ ಎಳೆದರು, ನಾನು ಬೇರೆ ಕಡೆ ನೋಡಿದೆ. ಅಧಿಕಾರಿ ಅದನ್ನು ಓದಿ, ಮುದ್ರೆ ಒತ್ತಿ, ನೋಂದಣಿಯ ರಸೀದಿ ಕೊಟ್ಟರು. ಮನೆಗೆ ಯಾರೂ ಬರುವುದಿಲ್ಲ ಹೋಗಿ ಕಾಕಾ ಅಂದರು.

ಇಬ್ಬರೂ ಹೊರಗೆ ಬಂದೆವು. ಫುಟ್‌ಪಾತ್ ಮೇಲೆ ನಿಂತು ರಿಕ್ಷಾಗೆ ಕಾದೆವು. ಕಾಕಾ ರಸೀದಿಯನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು.

"ಇದು ಎಷ್ಟ್ ದಿನಕ್ಕೈತಿ?"

"ಒಂದ್ ವರ್ಷ ಅಂತ್ರಿ. ಮುಂದಿನ ವರ್ಷ ಮತ್ತ ಮಾಡಿಸ್ಬೇಕು."

ಅವರು ಬೆವರು ಒರೆಸಿಕೊಂಡು ರಸ್ತೆ ನೋಡಿದರು. ರಿಕ್ಷಾ ಒಂದು ನಿಲ್ಲದೆ ಹೋಯಿತು.

"ಮುಂದಿನ ವರ್ಷ ಒಂದ್ ತಿಂಗಳು ಮೊದಲ ಹೇಳು," ಅಂದರು. "ರಫ್ ಮಾಡಾಕ ಟೈಮ್ ಬೇಕು ನನಗ."

ನಾನು ರಿಕ್ಷಾದಲ್ಲಿ ಕೂತು ಮನೀಶ್ ನಗರದ ಗೆಳತಿಗೆ, ಮಂಚ ಬೇರೆಯವರಿಗೆ ಕೊಟ್ಟುಬಿಡು ಎಂದು ಬರೆದು ಕಳಿಸಿದೆ.