ಡ್ರಿಲ್ ಮೇಷ್ಟ್ರ ಬಲಗಾಲು

ಬಾಗಿಲು ದಾಟುವುದೂ ಒಂದು ಕೆಲಸ ಎಂದು ನನಗೆ ಗೊತ್ತಾದದ್ದು ಅರವತ್ತು ಕಳೆದ ಮೇಲೆ. ನಾನೋ ಚಳ್ಳಕೆರೆಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಊರಿನ ಅರ್ಧ ಗಂಡಸರಿಗೆ ನಡೆಯಲು ಕಲಿಸಿದವನು ನಾನೇ ಎಂಬ ಜಂಬ ಇತ್ತು. ನನ್ನನ್ನು ಕಂಡರೆ ಎಣ್ಣೆ ಮಿಲ್ಲಿನ ಮಾಲೀಕರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅಂಥ ನನಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಮೊದಲು ಬಲಗೈ ನಡುಗಿತು, ಆಮೇಲೆ ಬಲಗಾಲು ಎಳೆಯಿತು, ಕೊನೆಗೆ ಹೊಸ್ತಿಲು ಕಂಡರೆ ಸಾಕು, ಎರಡೂ ಪಾದ ನೆಲಕ್ಕೆ ಅಂಟಿಕೊಳ್ಳತೊಡಗಿದವು.

ಮೂರನೆಯ ಹೆಜ್ಜೆ ಎಲ್ಲಿಡಲಿ ಎಂದು ಕೇಳಿದ ವಾಮನನನ್ನು ಜನ ಕೈಮುಗಿದು ನೆನೆಯುತ್ತಾರೆ. ನನಗೆ ಮೊದಲನೆಯ ಹೆಜ್ಜೆಯೇ ಸಮಸ್ಯೆ. ತಲೆ ಒಡ್ಡಲು ಬಲಿ ಚಕ್ರವರ್ತಿಯೂ ಇಲ್ಲ. ಇರುವವಳು ಓಬಮ್ಮ, ನನ್ನ ಹೆಂಡತಿ. ಅವಳ ಶಾಸ್ತ್ರದಲ್ಲಿ ಯಾರೇ ಆಗಲಿ ಬಲಗಾಲಿಟ್ಟೇ ಮನೆಯೊಳಗೆ ಬರಬೇಕು. ಪಾಪ, ನಾನು ನಿಂತಾಗಲೆಲ್ಲ ಧೈರ್ಯ ತುಂಬಲು ಅದನ್ನೇ ಹೇಳುವಳು.

ಒಂದು ದೀಪಾವಳಿಗೆ ಮಗಳು ಸುಜಾತಳ ಮನೆಗೆಂದು ಮೊಳಕಾಲ್ಮೂರಿಗೆ ಹೋದೆವು. ಅಳಿಯ ಮನೆಯಲ್ಲೇ ರೇಷ್ಮೆ ಸೀರೆ ನೇಯುವವನು. ಅವನ ತಾಯಿಯ ಬಾಯಲ್ಲಿ ಬಲಗಾಲು ಎಂದರೆ ತೆಲುಗಿನ ‘ಕುಡಿಕಾಲು’. ಅವರ ಹೊಸ್ತಿಲಲ್ಲೂ ನನ್ನ ಪಾದ ಅಂಟಿತು. ಬೀಗಿತ್ತಿ ಒಳಗಿನಿಂದ ‘ಕುಡಿಕಾಲು, ಕುಡಿಕಾಲು’ ಎಂದರು, ಓಬಮ್ಮ ಹೊರಗಿನಿಂದ ‘ಬಲಗಾಲು’ ಎಂದಳು. ಎರಡು ಭಾಷೆಯಲ್ಲಿ ಹೇಳಿದರೂ ಕಾಲಿಗೆ ಒಂದೂ ಅರ್ಥವಾಗಲಿಲ್ಲ. ನನ್ನ ಹಿಂದೆ ಆರತಿ ತಟ್ಟೆ ಹಿಡಿದ ಹೆಂಗಸರು ಸಾಲುಗಟ್ಟಿ ನಿಂತರು. ಕೊನೆಗೆ ಅಳಿಯನೇ ಮಗ್ಗ ಬಿಟ್ಟು ಎದ್ದುಬಂದು ನನ್ನನ್ನು ಮೂಟೆಯಂತೆ ಎತ್ತಿ ಒಳಗಿಟ್ಟ. ಇನ್ನು ಯಾರ ಮನೆಗೂ ಹೋಗುವುದಿಲ್ಲ ಎಂದು ಆವತ್ತೇ ಶಪಥ ಮಾಡಿದೆ. ಆದರೆ ಮಗಳು ಅಳಿಯ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ನಾನು ಬರುವುದಿಲ್ಲವೆಂದು ತಿಳಿದು ಸುಜಾತ ಫೋನಿನಲ್ಲಿ ಅತ್ತಳು. ಅಪ್ಪ ಬಾರದೆ ಹಾಲು ಉಕ್ಕಿಸುವುದಿಲ್ಲ ಎಂದಳು.

ಆ ನಡುವೆಯೇ ನಮ್ಮ ಡಾಕ್ಟರು ನನ್ನನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಈ ಕಾಯಿಲೆಯವರು ನಡೆಯುವಾಗ ಮೆದುಳಿನೊಳಗೆ ಏನಾಗುತ್ತದೆ ಎಂದು ಅಲ್ಲಿ ಒಬ್ಬ ಡಾಕ್ಟರಮ್ಮ ಅಧ್ಯಯನ ಮಾಡುತ್ತಿದ್ದರು. ತಂತಿಗಳು ಜೋತುಬಿದ್ದ ಟೋಪಿಯೊಂದನ್ನು ತಲೆಗೆ ಹಾಕಿ, ಅಂಟು ಬಳಿದು, ಸೊಂಟಕ್ಕೆ ಡಬ್ಬಿ ಕಟ್ಟಿದರು. ನನ್ನ ಬೋಳುತಲೆ ಅವರಿಗೆ ಬಹಳ ಅನುಕೂಲವಾಯಿತು. ಅದರಿಂದ ಯಾರಿಗಾದರೂ ಉಪಕಾರವಾದದ್ದು ಅದೇ ಮೊದಲು.

ನಡೆಯಿರಿ ಎಂದರು. ಉದ್ದನೆಯ ಮೊಗಸಾಲೆ ಕಂಡದ್ದೇ ಹಳೆಯ ಅಭ್ಯಾಸ ಮೈಮೇಲೆ ಬಂತು. ಪರೇಡಿನಲ್ಲಿ ಮೊದಲು ಏಳುವುದು ಎಡಗಾಲು. ಆಗಸ್ಟ್ ಹದಿನೈದರಂತೆ ನಡೆದೆ! ಡಾಕ್ಟರಮ್ಮನ ಮುಖ ಬಾಡಿತು. ನಾನು ನಿಂತರೆ ತಾನೇ ಅವರ ಅಧ್ಯಯನ?

ಬೆಂಚಿನ ಮೇಲೆ ಕೂತಿದ್ದ ಓಬಮ್ಮನಿಗೆ ಅವಮಾನವಾಯಿತು. ಮನೆಯಲ್ಲಿ ಹೊಸ್ತಿಲ ಹತ್ತಿರ ಕಲ್ಲಿನ ಹಾಗೆ ನಿಲ್ಲುವವರು ಇಲ್ಲಿ ಬಂದು ಕುಣಿಯುತ್ತಾರೆ ಎಂದು ದೂರಿದಳು. ಡಾಕ್ಟರಮ್ಮ ಬಾಗಿಲಿಗೆ ಅಡ್ಡಲಾಗಿ ಒಂದು ಮರದ ಪಟ್ಟಿ ಇಡಿಸಿದರು. ಅದನ್ನೂ ದಾಟಲು ಹೊರಟಿದ್ದೆ. ಅಷ್ಟರಲ್ಲಿ ಓಬಮ್ಮ ರೂಢಿಯಂತೆ, “ಬಲಗಾಲು ಇಟ್ಟು ಬರ್ರಿ” ಅಂದಳು. ಮುಗಿಯಿತು, ನಿಂತೆ. ಕಂಪ್ಯೂಟರಿನ ಗೆರೆಗಳು ಗಿಜಿಗುಟ್ಟಿದವು, ಡಾಕ್ಟರಮ್ಮನ ಮುಖ ಅರಳಿತು. ನಾನು ಸುಮ್ಮನೆ ನಿಂತದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ.

ಯಾರೂ ಏನೂ ಹೇಳದೆ ಮತ್ತೆ ನಡೆಸಿದರು, ಎಡಗಾಲಿಟ್ಟು ದಾಟಿದೆ. ಬಲಗಾಲು ಎಂದರೆ ನಿಂತೆ. ಡಾಕ್ಟರಮ್ಮ ಬಿಡಿಸಿ ಹೇಳಿದರು: ಬೇರೆಯವರಿಗೆ ನಡಿಗೆ ತಾನಾಗಿ ಸಾಗುತ್ತದೆ, ನನ್ನಂಥವರಿಗೆ ಪ್ರತಿ ಹೆಜ್ಜೆಯನ್ನೂ ಯೋಚನೆ ತಳ್ಳಬೇಕು. ಆ ಯೋಚನೆ ಯಾವ ಕಾಲು ಎಂಬ ಚಿಂತೆಗೆ ಬಿದ್ದರೆ, ಅದೂ ಸೋತ ಕಾಲನ್ನೇ ಕೇಳಿದರೆ, ಎಲ್ಲ ನಿಂತುಬಿಡುತ್ತದೆ. ಎಲ್ಲರಿಗೂ ಹೀಗೇ ಎನ್ನಲಾಗದು, ನಿಮ್ಮ ಮಟ್ಟಿಗೆ ಹೀಗೆ ಕಾಣುತ್ತದೆ ಎಂದರು. ಕಾಯಿಲೆ ವಾಸಿ ಮಾಡುತ್ತೇವೆಂದು ಅವರು ಹೇಳಲಿಲ್ಲ. ಆದರೂ ನನ್ನ ಕಾಲಿನ ಕಷ್ಟವನ್ನು ಅಷ್ಟು ಹೊತ್ತು ಕೂತು ನೋಡಿದರಲ್ಲ, ಆ ಋಣ ದೊಡ್ಡದು.

ವಾಪಸು ಬರುವಾಗ ಬಸ್ಸಿನಲ್ಲಿ ಓಬಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಶಾಸ್ತ್ರದ ಮೇಲೆ ತಪ್ಪು ಹೊರಿಸಿದ್ದಕ್ಕೆ ಕೋಪ ಬಂದಿರಬೇಕು ಎಂದುಕೊಂಡೆ. ಮಗಳ ಕಣ್ಣೀರಿಗೆ ಸೋತು ಶಪಥ ಮುರಿದೆನಾದರೂ, ಹೊಸ ಮನೆಗೆ ಎಡಗಾಲಿಟ್ಟು ಹೋಗುವ ಧೈರ್ಯ ನನಗೂ ಇರಲಿಲ್ಲ.

ಗೃಹಪ್ರವೇಶದ ದಿನ ಹಸು ಕರು ಒಳಗೆ ಹೋದವು. ಹಸಿರು ತೋರಣದ ಕೆಳಗೆ ನಾನು ನಿಂತೆ. ಒಳಗೆ ಒಲೆಯ ಮುಂದೆ ಸುಜಾತ ಹಾಲಿನ ಪಾತ್ರೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಬೀಗಿತ್ತಿ ಮೆಲ್ಲಗೆ ‘ಕುಡಿಕಾಲು’ ಅಂದರು. ಪಾದ ಅಂಟಿತು. ಆಗ ಪಕ್ಕದಲ್ಲಿದ್ದ ಓಬಮ್ಮ ಎಲ್ಲರಿಗೂ ಕೇಳುವಂತೆ, “ಎಡಗಾಲು ಇಡ್ರಿ” ಎಂದಳು.

ಪುರೋಹಿತರು ಮಂತ್ರ ನಿಲ್ಲಿಸಿದರು. ಬೀಗಿತ್ತಿ ಗಾಬರಿಯಿಂದ ಅವಳ ಮುಖ ನೋಡಿದರು.

“ಮೊದ್ಲು ಮನುಷ್ಯ ಒಳಗೆ ಬರ್ಲಿ ಅಕ್ಕಾ,” ಎಂದಳು ಓಬಮ್ಮ. “ಶಾಸ್ತ್ರ ಹಿಂದಿನಿಂದ ಬರ್ತೈತೆ.”

ಎಡಗಾಲು ಎದ್ದಿತು. ನಾನು ಒಳಗಿದ್ದೆ, ಯಾರೂ ಎತ್ತಿರಲಿಲ್ಲ. ಕಣ್ಣು ಮಂಜಾಗಿ ಹಾಲು ಉಕ್ಕಿದ್ದು ಸರಿಯಾಗಿ ಕಾಣಲಿಲ್ಲ. ಆದರೆ ತಿರುಗಿದಾಗ ಇದು ಕಂಡಿತು: ನನ್ನ ಹಿಂದೆಯೇ ಹೊಸ್ತಿಲು ದಾಟಿದ ಓಬಮ್ಮ ಬಲಗಾಲನ್ನೇ ಇಟ್ಟಳು, ಸ್ವಲ್ಪ ಜೋರಾಗಿಯೇ, ನನ್ನ ಪಾಲಿನದನ್ನೂ ಸೇರಿಸಿ.