ನಿಂಬೆಹಣ್ಣಿಗೆ ನಿಂತ ಚಾಮರಾಜಪೇಟೆ

ನೀವು ನಂಬಲ್ಲ. ಬೇಡ, ನಂಬ್ಲೇಬೇಡಿ, ಅದೆಷ್ಟು ಹೊತ್ತು ಹಟ ಹಿಡಿದು ಕೂರ್ತೀರೋ ನಾನೂ ನೋಡ್ತೀನಿ. ಚಾಮರಾಜಪೇಟೇಲಿ ನಮ್ಮನೆ ಮುಂದೆ ಒಂದು ಒನ್‌ವೇ ರಸ್ತೆ ಇದೆ. ನೀರಿನ ಟ್ಯಾಂಕರಿಂದ ಹಿಡಿದು ಊಟ ತಂದ್ಕೊಡೋ ಬೈಕುಗಳವರೆಗೂ ಅಲ್ಲಿ ಓಡಾಡೋದನ್ನೆಲ್ಲ ಒಂದು ಬೆಳಿಗ್ಗೆ ಗಪ್ಪಂತ ನಿಲ್ಲಿಸಿದೋನು ನಾನು. ಪೊಲೀಸ್ ಇಲ್ಲ, ಸಿಗ್ನಲ್ ಇಲ್ಲ. ಬರೀ ನಿಂಬೆಹಣ್ಣು!

ಎಲ್ಲಾ ನಮ್ಮಕ್ಕನಿಗೋಸ್ಕರ. ಅವಳ ಮನೆ ರಸ್ತೆ ಆ ಕಡೆ, ನಮ್ದು ಈ ಕಡೆ, ಗೇಟಿಗೆ ಗೇಟು ನೇರ. ಸ್ಕೂಲಲ್ಲಿ ಸೈನ್ಸ್ ಹೇಳ್ಕೊಡ್ತಿದ್ದೋಳು. ರಿಟೈರಾದ್ಮೇಲೆ ಬೈಯೋಕೆ ಮಕ್ಕಳು ಸಿಗ್ದೆ ದಿನಾ ಬೆಳಿಗ್ಗೆ ನಮ್ಮನೆಗೆ ಬಂದು, ಕಾಫಿ ಕುಡಿದು, ನನ್ನ ಕಿವಿ ಹಿಂಡಿ, ಬೈದು ಹೋಗೋಳು. ರಸ್ತೆಗೆ ಹೊಸ ಡಾಂಬರು ಬಿತ್ತು ನೋಡಿ, ಗಾಡಿಗಳೆಲ್ಲ ವಿಮಾನ ಆಗ್ಬಿಟ್ವು. ಅಕ್ಕ ಕೋಲು ಊರ್ಕೊಂಡು ಗೇಟಿಗೆ ಬರೋಳು, ಸ್ವಲ್ಪ ಹೊತ್ತು ನಿಂತು ನೋಡೋಳು, ನಂಗೊಂದು ಕೈ ಬೀಸಿ ಒಳಗೆ ಹೋಗ್ಬಿಡೋಳು. ಫೋನಲ್ಲಿ ಬೈತಿದ್ಲು, ಇಲ್ಲ ಅನ್ನಲ್ಲ. ಆದ್ರೆ ಫೋನಲ್ಲಿ ಕಿವಿ ಹಿಂಡೋಕಾಗತ್ತಾ? ನಂಗೂ ಮಂಡಿನೋವು, ಓಡಿ ದಾಟೋ ಹಾಗಿಲ್ಲ. ಒಂದ್ಸಲ ಆಟೋ ಹತ್ತಿ, ಇಡೀ ಬ್ಲಾಕ್ ಸುತ್ಕೊಂಡು ಬಂದು ಅವಳ ಗೇಟ್ ಮುಂದೆ ಇಳಿದೆ. ಆಟೋದವನು ಆ ಕಡೆ ಈ ಕಡೆ ನೋಡಿ, "ಯಜಮಾನ್ರೇ, ಅದೇ ಅಲ್ವಾ ನೀವು ಹತ್ತಿದ ಮನೆ?" ಅಂದ. "ಗಾಳಿ ಸೇವನೆ ಕಣಪ್ಪಾ" ಅಂದೆ.

ಅಷ್ಟೊತ್ತಿಗೆ ಬಂತು ಕಾರ್ಪೊರೇಷನ್‌ನೋರ ಮೀಟಿಂಗು. ರಸ್ತೇಲಿ ಜನ ಸುರಕ್ಷಿತವಾಗಿ ಓಡಾಡೋಕೆ ಏನೇನು ಮಾಡ್ಬೇಕು, ನೀವೇ ಹೇಳಿ ಅಂತ ಪಾರ್ಕಲ್ಲಿ ಶಾಮಿಯಾನ ಹಾಕಿ, ನಕ್ಷೇದೊಂದು ದೊಡ್ಡ ಫ್ಲೆಕ್ಸು ಕಟ್ಟಿ, ಬಿಸ್ಕತ್ತೂ ಕೊಟ್ರು. ಎಲ್ಲರಿಗೂ ಹಂಪ್ ಬೇಕು. ಆದ್ರೆ ಪಕ್ಕದ್ಮನೆ ಮುಂದೆ! ತಮ್ಮನೆ ಮುಂದೆ ಬಂದ್ರೆ ಧೂಳಂತೆ, ಹಾರ್ನಂತೆ. ನಾನು ಎದ್ದೆ. "ಮೇಡಂ, ನಮ್ಮನೆ ಮುಂದೇನೇ ಹಾಕ್ಬಿಡಿ. ಹಂಪೇನು, ಜೀಬ್ರಾ ಪಟ್ಟೆ ಬಳಿದು ಅಗಲವಾಗಿ ಎತ್ತರಿಸಿದ ಕ್ರಾಸಿಂಗೇ ಹಾಕಿ. ಹಾರ್ನೆಲ್ಲ ನಂಗಿರ್ಲಿ." ಶಾಮಿಯಾನ ಪೂರ್ತಿ ನನ್ನನ್ನ ಹುಚ್ಚನ ಥರ ನೋಡ್ತು.

ಇಂಜಿನಿಯರ್ ಮೇಡಂ ಚಿಕ್ಕ ವಯಸ್ಸಿನೋರು, ಮರ್ಯಾದಸ್ಥರು. "ಸಾರ್, ಅಲ್ಲಿ ಯಾರೂ ಬ್ರೇಕ್ ಹಾಕಲ್ಲ. ಮುಂದೆ ಸಿಗ್ನಲ್ ಹತ್ರಾನೇ ಕ್ರಾಸಿಂಗ್ ಸರಿ. ಅಲ್ಲಿವರೆಗೂ ನಡೀಬಹುದಲ್ವಾ?"

"ನಮ್ಮಕ್ಕ ಅಲ್ಲಿಂದ ಸುತ್ಕೊಂಡು ಬಂದ್ರೆ ಕಾಫಿಗಲ್ಲ ಮೇಡಂ, ರಾತ್ರಿ ಊಟಕ್ಕೆ ಬರ್ತಾಳೆ."

ಎಲ್ಲಾ ನಕ್ರು. ಮೇಡಮ್ಮೂ ನಕ್ಕು, "ಭಾನುವಾರ ಬಂದು ಜಾಗ ನೋಡ್ತೀವಿ, ಆಮೇಲೆ ಫೈನಲ್" ಅಂದ್ರು. ಮನೆಗೆ ಬಂದು ಕ್ಯಾಲೆಂಡರ್ ನೋಡ್ತೀನಿ, ಶನಿವಾರ ಅಮಾವಾಸ್ಯೆ! ಖುಷಿಗೆ ಅಲ್ಲೇ ಒಂದು ಶಿಳ್ಳೆ ಹೊಡೆದೆ.

ಅಮಾವಾಸ್ಯೆ ಬಂದ್ರೆ ನಮ್ಮ ಕಡೆ ಅಂಗಡಿಗೆ, ಗಾಡಿಗೆ ನಿಂಬೆಹಣ್ಣು ನಿವಾಳಿಸಿ, ದೃಷ್ಟಿ ತೆಗೆದು, ಕೊಯ್ದು, ಕುಂಕುಮ ಹಚ್ಚಿ ರಸ್ತೆಗೆ ಎಸೀತಾರೆ. ತುಳಿಯೋ ಹಾಗಿಲ್ಲ, ದಾಟೋ ಹಾಗಿಲ್ಲ, ದಾಟಿದ್ರೆ ಅವರ ಪೀಡೆ ನಮ್ಮ ಹೆಗಲೇರತ್ತೆ. ಮನುಷ್ಯ ಅಡ್ಡ ಬಂದ್ರೆ ನಿಲ್ಸದೇ ಇರೋನೂ ಇದಕ್ಕೆ ಬ್ರೇಕ್ ಒತ್ತೇ ಒತ್ತಾನೆ.

ಭಾನುವಾರ ಬೆಳಕು ಹರಿಯೋ ಹೊತ್ತಿಗೆ, ರಸ್ತೆ ಖಾಲಿ ಇದ್ದಾಗ, ಒಂದು ಚೀಲ ನಿಂಬೆಹಣ್ಣು ಹೋಳು ಮಾಡಿ, ಕುಂಕುಮ ಮೆತ್ತಿ, ಈ ಫುಟ್‌ಪಾತಿಂದ ಆ ಫುಟ್‌ಪಾತಿನವರೆಗೂ ಜೀಬ್ರಾ ಪಟ್ಟೆ ಥರ ಜೋಡಿಸ್ದೆ. ದೇವರಮನೆ ಕುಂಕುಮದ ಬಟ್ಟಲು ಖಾಲಿ ಆಗಿದ್ದು ನೋಡಿ ನಮ್ಮನೆಯವಳು, "ಏನ್ರೀ, ನಿಮಗೇ ಯಾರಾದ್ರೂ ದೃಷ್ಟಿ ತೆಗೀಬೇಕು" ಅಂದ್ಲು.

ಆಮೇಲೆ ನೋಡ್ಬೇಕಿತ್ತು ಮಜಾ! ಮೊದಲು ಒಂದು ಬೈಕು ಕಿರ್ರ್ ಅಂತ ನಿಲ್ತು. ಹಿಂದೆ ಆಟೋ. ಅದರ ಹಿಂದೆ ಟ್ಯಾಂಕರು. "ಯಾರಿಗೋ ಭಾರಿ ಮಾಡ್ಸಿದಾರೆ ಮಗಾ," ಅಂದ ಬೈಕಿನವನು. "ನೀನು ಮುಂದೆ ಹೋಗು ಗುರು," ಅಂದ ಆಟೋದವನು. "ಯಾಕೆ, ನಂಗೇನು ಹೆಂಡ್ತಿ ಮಕ್ಕಳಿಲ್ವಾ? ನೀನೇ ಹೋಗು!" ಸಾಲು ಬೆಳೀತಾ ಹೋಯ್ತು. ಹೂವಿನ ಸೈಕಲ್‌ನವನು ಕೆಳಗಿಳಿದು ಕೈ ಮುಗಿದ. ಅಷ್ಟರಲ್ಲಿ ಮೇಡಂ ಜೀಪೂ ಬಂತು. ಅವರ ಡ್ರೈವರ್ ಇಂಜಿನ್ ಆಫ್ ಮಾಡಿ, "ಮೇಡಂ, ಬೇಕಾದ್ರೆ ಇಲ್ಲೇ ಇಳ್ಕೊಳಿ, ನಾನಂತೂ ಇದನ್ನ ದಾಟ್ಸಲ್ಲ" ಅಂದ.

ನಾನು ಗೇಟಿಂದಾನೇ ಕೂಗ್ದೆ: "ನೋಡಿದ್ರಾ ಮೇಡಂ? ಬ್ರೇಕ್ ಎಲ್ಲರ ಗಾಡೀಲೂ ಇದೆ!"

ಆಮೇಲೆ ಎದೆ ಉಬ್ಬಿಸಿ, ನಿಂಬೆಹಣ್ಣುಗಳ ಮಧ್ಯೆ ಠೀವಿಯಿಂದ ನಡೆದು, ಆ ಕಡೆ ಗೇಟಲ್ಲಿ ನಿಂತಿದ್ದ ಅಕ್ಕನ ಕೈ ಹಿಡಿದು ಈ ಕಡೆ ಕರ್ಕೊಂಡ್ಬಂದೆ. ಇಡೀ ಟ್ರಾಫಿಕ್ಕು ಕಾಯ್ತಾ ನಿಂತಿತ್ತು. ಜೀಪಿಂದ ಇಳಿದು ನಗ್ತಾ ನಿಂತಿದ್ದ ಮೇಡಂ, ಅಕ್ಕನ ನಿಧಾನದ ಹೆಜ್ಜೆ ನೋಡಿ ನಗು ನಿಲ್ಲಿಸಿದ್ರು. "ಇವ್ರು ಸಿಗ್ನಲ್‌ವರೆಗೂ ನಡೆಯೋದು ಕಷ್ಟಾನೇ ಸಾರ್," ಅಂತ ಅಲ್ಲೇ ರಸ್ತೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಸಿದ್ರು. ಈಗ ಅದೇ ಜಾಗದಲ್ಲಿ ಕ್ರಾಸಿಂಗ್ ಎದ್ದಿದೆ, ಹೋಗಿ ನೋಡ್ಕೊಳಿ. ಹಾರ್ನು ವಿಪರೀತ. ಅಕ್ಕ ದಿನಾ ಬರ್ತಾಳೆ.

ಇದರಲ್ಲಿ ಒಂದೇ ಒಂದು ಸುಳ್ಳಿದೆ. ನಾನು ಠೀವಿಯಿಂದ ನಡೆದೆ ಅಂದ್ನಲ್ಲ, ಅದು. ಹಿಂದಿನ ದಿನ ಅಮಾವಾಸ್ಯೆ ನೋಡಿ, ಯಾರ್ಯಾರು ಏನೇನು ಎಸೆದಿದ್ರೋ. ಜೋಡಿಸೋವಾಗ ಮಬ್ಬಲ್ಲಿ ಕಾಣ್ಲಿಲ್ಲ, ಬೆಳಕಾದ್ಮೇಲೆ ನೋಡಿದ್ರೆ ಅಲ್ಲಿ ಬಿದ್ದಿದ್ದರಲ್ಲಿ ನಾನಿಟ್ಟಿದ್ಯಾವುದು, ನಿಜವಾದ್ದು ಯಾವುದು ಅಂತ ನಂಗೇ ಗೊತ್ತಾಗ್ಲಿಲ್ಲ. ಫುಟ್‌ಪಾತಿಂದ ಕಾಲೇ ಕೆಳಗಿಳೀಲಿಲ್ಲ. ಅಕ್ಕ ಒಬ್ಬಳೇ ಬಂದ್ಲು, ನಿಂಬೆಹೋಳುಗಳನ್ನ ಕೋಲಲ್ಲಿ ಆ ಕಡೆ ಈ ಕಡೆ ಚಿಮ್ಮುತ್ತಾ. ಬಂದೋಳೇ ಟ್ಯಾಂಕರಿನವನ ಎದುರಿಗೇ ನನ್ನ ಕಿವಿ ಹಿಡಿದ್ಲು: "ಲೋ ಕೋತಿ, ವರ್ಷದ ಉಪ್ಪಿನಕಾಯಿ ಆಗ್ತಿತ್ತಲ್ಲೋ ಇದ್ರಲ್ಲಿ!"